ಸಂಪಾದಕರ ಉತ್ತರ: ಚಿತ್ರದ ಮುಂದೆ ನಿಂತವರು ಯಾರು?

ಮಾನ್ಯರೇ,

ಯುರೋಪಿನ ನಗ್ನಚಿತ್ರಗಳನ್ನೂ ಹೆಣ್ಣನ್ನು ಗಂಡಸಿನ ಕಣ್ಣಿಗಾಗಿಯೇ ತೋರಿಸುವ ಗಂಡುನೋಟವನ್ನೂ ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನಕ್ಕೆ ಪ್ರತಿಯಾಗಿ ತಾವು ಬರೆದ ದೀರ್ಘ ಪತ್ರ ತಲುಪಿದೆ. ಪತ್ರವನ್ನು ಓದಿರದವರಿಗೂ ಚರ್ಚೆ ತಿಳಿಯಲಿ ಎಂದು ತಮ್ಮ ಆಕ್ಷೇಪಗಳನ್ನು ಮೊದಲು ಸಂಗ್ರಹಿಸಿ ಹೇಳುತ್ತೇನೆ. ಸ್ತ್ರೀವಾದಿಗಳ ನೋಟದ ಸಿದ್ಧಾಂತವು ಚಿತ್ರವನ್ನು ನೋಡುವ ಮೊದಲೇ ತೀರ್ಪು ಬರೆದಿಟ್ಟುಕೊಂಡಿರುತ್ತದೆ ಎಂಬುದು ತಮ್ಮ ಮುಖ್ಯ ದೂರು. ಬರೆದವನು ಗಂಡು, ಬರೆಸಿಕೊಂಡವಳು ಹೆಣ್ಣು, ಆದ್ದರಿಂದ ನೋಡುವುದೆಂದರೆ ವಶಪಡಿಸಿಕೊಳ್ಳುವುದು ಎಂಬ ಒಂದೇ ಸೂತ್ರವನ್ನು ಹದಿನಾರನೆಯ ಶತಮಾನದ ಚಿತ್ರಕಾರ ಟಿಷಿಯನ್‌ನಿಂದ ಹತ್ತೊಂಬತ್ತನೆಯ ಶತಮಾನದ ಮಾನೆಯವರೆಗೆ ಎಲ್ಲರಿಗೂ ಹಚ್ಚುತ್ತಾ ಹೋದರೆ ಕಲೆಯ ಇತಿಹಾಸದಲ್ಲಿ ಉಳಿಯುವುದೇನು ಎಂದು ಕೇಳಿದ್ದೀರಿ. 1914ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ನುಗ್ಗಿ ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್‌ನ ಪ್ರೇಮದೇವತೆ ವೀನಸ್ ಚಿತ್ರವನ್ನು ಕೊಚ್ಚಿದ ಮಹಿಳೆಯೇ ಈ ಸಿದ್ಧಾಂತದ ಮೊದಲ ಕಾರ್ಯಕರ್ತೆ ಎಂದಿದ್ದೀರಿ. ಗಂಡಸಿನ ನಗ್ನದೇಹಕ್ಕಾಗಲಿ, ನಗ್ನ ಸ್ತ್ರೀಯರನ್ನು ತಾವೇ ಚಿತ್ರಿಸಿದ ಕಲಾವಿದೆಯರಿಗಾಗಲಿ ಇದರಲ್ಲಿ ಜಾಗವಿಲ್ಲ ಎಂಬುದು ತಮ್ಮ ಇನ್ನೊಂದು ಆಕ್ಷೇಪ. ಬೇಲೂರಿನ ದರ್ಪಣಸುಂದರಿಯನ್ನೂ ತಮ್ಮ ವಿದ್ಯಾರ್ಥಿಗಳು ಇದೇ ಸೂತ್ರದಿಂದ ಅಳೆಯಲು ಹೊರಟಿದ್ದಾರೆಂದು ಬೇಸರಪಟ್ಟಿದ್ದೀರಿ. ಕೊನೆಗೆ, ಕಲಾಶಾಲೆಯಲ್ಲಿ ಇತಿಹಾಸ ಬೋಧಿಸುವವರಾಗಿ, ಈ ಪಾಠವನ್ನೇ ಕೈಬಿಡುವುದು ಲೇಸಲ್ಲವೇ ಎಂದು ನೇರವಾಗಿ ಕೇಳಿದ್ದೀರಿ.

ತಮ್ಮ ದೂರಿನಲ್ಲಿ ಹುರುಳಿದೆ. ಆದರೆ ಇದು ಸ್ತ್ರೀವಾದದ ಹೊರಗಿನಿಂದ ಬಂದ ದೂರು ಎಂದು ತಾವು ಭಾವಿಸಿರುವುದನ್ನು ಒಪ್ಪಲಾರೆ. ಈ ಸಿದ್ಧಾಂತವನ್ನು ಅತ್ಯಂತ ನಿಷ್ಠುರವಾಗಿ ಪ್ರಶ್ನಿಸಿದವರಲ್ಲಿ ಹೆಚ್ಚಿನವರು ಸ್ತ್ರೀವಾದಿ ಕಲಾ ಇತಿಹಾಸಕಾರ್ತಿಯರೇ. ಅವರ ಪ್ರಶ್ನೆಗಳು ನಮ್ಮ ತರಗತಿಗಳಿಗೆ ತಲುಪಲಿಲ್ಲ, ಸೂತ್ರ ಮಾತ್ರ ತಲುಪಿತು. ನೋಡುವವರು ಯಾರು ಎಂಬುದು ಒಳ್ಳೆಯ ಪ್ರಶ್ನೆ. ದಾಖಲೆಗಳನ್ನು ಹುಡುಕಿ ಕಂಡುಕೊಳ್ಳಬೇಕಾದ ಅದರ ಉತ್ತರವನ್ನು ಚಿತ್ರದಲ್ಲಿ ಮಲಗಿರುವ ಹೆಣ್ಣಿನ ಭಂಗಿಯಿಂದಲೇ ಊಹಿಸಿಕೊಂಡದ್ದರಿಂದ ತೊಡಕು ಶುರುವಾಯಿತು ಎಂಬುದು ನನ್ನ ಅಭಿಪ್ರಾಯ.

1972ರಲ್ಲಿ ಇಂಗ್ಲಿಷ್ ಕಲಾ ವಿಮರ್ಶಕ ಜಾನ್ ಬರ್ಜರ್ ಬಿಬಿಸಿ ಟೆಲಿವಿಷನ್ನಿನ ನಾಲ್ಕು ಕಂತುಗಳ ಸರಣಿಯೊಂದರಲ್ಲಿ, ಯುರೋಪಿನ ತೈಲಚಿತ್ರ ಪರಂಪರೆಯಲ್ಲಿ ಗಂಡಸರು ಹೆಂಗಸರನ್ನು ನೋಡುತ್ತಾರೆ, ಹೆಂಗಸರು ತಾವು ನೋಡಲ್ಪಡುವುದನ್ನು ಗಮನಿಸುತ್ತಿರುತ್ತಾರೆ ಎಂಬ ವಾದವನ್ನು ಮುಂದಿಟ್ಟರು. ಈ ಪರಂಪರೆಗೆ ಅಪವಾದಗಳಿವೆಯೆಂದು ಅವರೇ ಹೇಳಿ, ರೂಬೆನ್ಸ್ ತನ್ನ ಎರಡನೆಯ ಹೆಂಡತಿಯನ್ನು ತುಪ್ಪಳದ ಹೊದಿಕೆಯಲ್ಲಿ ಚಿತ್ರಿಸಿದ್ದನ್ನೂ ರೆಂಬ್ರಾಂಟ್‌ನ ದನಾಯೆ ಎಂಬ ಗ್ರೀಕ್ ಪುರಾಣದ ರಾಜಕುಮಾರಿಯ ಚಿತ್ರವನ್ನೂ ಉದಾಹರಿಸಿದ್ದರು ಎಂಬುದನ್ನು ಅವರ ಅನುಯಾಯಿಗಳೂ ಮರೆತರು, ವಿರೋಧಿಗಳೂ ಮರೆತರು. ಮೂರು ವರ್ಷಗಳ ಬಳಿಕ, 1975ರಲ್ಲಿ, ಸಿನಿಮಾ ಸಿದ್ಧಾಂತಿ ಲಾರಾ ಮಲ್ವಿ 'ಸ್ಕ್ರೀನ್' ಎಂಬ ಬ್ರಿಟಿಷ್ ಪತ್ರಿಕೆಯಲ್ಲಿ ಹಾಲಿವುಡ್ ಸಿನಿಮಾ ಕುರಿತು ಬರೆದ ಪ್ರಬಂಧ ಗಂಡುನೋಟ ಎಂಬ ಮಾತಿಗೆ ಇಂದಿನ ತೂಕವನ್ನು ಕೊಟ್ಟಿತು. ಅದು ಫ್ರಾಯ್ಡ್ ಮತ್ತು ಲಕಾನ್‌ರ ಮನೋವಿಶ್ಲೇಷಣೆಯ ಆಧಾರದ ಮೇಲೆ ನಿಂತ ಸಿನಿಮಾ ಸಿದ್ಧಾಂತವೇ ಹೊರತು ಚಿತ್ರಕಲೆಯ ಸಿದ್ಧಾಂತವಲ್ಲ. ಕತ್ತಲೆಯ ಸಭಾಂಗಣದಲ್ಲಿ ಕುಳಿತ ಪ್ರೇಕ್ಷಕ ಕ್ಯಾಮೆರಾ ತೋರಿಸಿದ್ದನ್ನು, ಅದು ತೋರಿಸಿದಷ್ಟು ಹೊತ್ತು, ಅದು ನಿಂತ ಜಾಗದಿಂದಲೇ ನೋಡಬೇಕು. ಕ್ಯಾಮೆರಾ ನಾಯಕನ ಕಣ್ಣಾದಾಗ ಪ್ರೇಕ್ಷಕನಿಗೆ ಬೇರೆ ದಾರಿಯಿಲ್ಲ. ಚಿತ್ರದ ಮುಂದೆ ನಿಂತವರಿಗೆ ಇಂಥ ಕಟ್ಟುಪಾಡಿಲ್ಲ. ಅವರು ಹತ್ತಿರ ಹೋಗಬಹುದು, ಪಕ್ಕಕ್ಕೆ ಸರಿಯಬಹುದು, ಮುಖ ಬಿಟ್ಟು ಮೂಲೆಯ ಬಟ್ಟಲನ್ನು ನೋಡುತ್ತಾ ನಿಲ್ಲಬಹುದು, ಮರುದಿನ ಮತ್ತೆ ಬಂದು ಬೇರೇನನ್ನೋ ಕಾಣಬಹುದು. ಸಿನಿಮಾಕ್ಕೆಂದು ಹೊಲಿದ ಅಂಗಿಯನ್ನು ಅಳತೆ ನೋಡದೆ ತೈಲಚಿತ್ರಕ್ಕೆ ತೊಡಿಸಿದ್ದು ಮಲ್ವಿ ಅವರಲ್ಲ, ಅವರ ನಂತರದವರು. ಮಲ್ವಿ ಅವರೋ 1981ರಲ್ಲಿ ತಮ್ಮ ಪ್ರಬಂಧಕ್ಕೆ ಮರಳಿ, ಹಾಗಾದರೆ ಸಭಾಂಗಣದಲ್ಲಿ ಕುಳಿತ ಹೆಣ್ಣು ಪ್ರೇಕ್ಷಕಿ ಏನು ಮಾಡುತ್ತಾಳೆ ಎಂಬ ಪ್ರಶ್ನೆಯನ್ನು ತಾವೇ ಎತ್ತಿಕೊಂಡರು. ಮನೋವಿಶ್ಲೇಷಣೆಯ ಸಿದ್ಧಾಂತಿ ಜೋನ್ ಕೊಪ್ಜೆಕ್ 1989ರಲ್ಲಿ ಇನ್ನೂ ಬುಡಕ್ಕೆ ಹೋಗಿ, ಲಕಾನ್ ಹೇಳಿದ ನೋಟ ನೋಡುಗನ ಒಡೆತನದ ಕಣ್ಣಲ್ಲ, ಅದು ನೋಡುಗನ ಒಡೆತನವನ್ನೇ ಕಲಕುವಂಥದ್ದು, ಸಿನಿಮಾ ಸಿದ್ಧಾಂತಿಗಳು ಅದನ್ನು ತಲೆಕೆಳಗಾಗಿ ಓದಿದ್ದಾರೆ ಎಂದು ವಾದಿಸಿದರು. ಈ ಕೊನೆಯ ಜಗಳ ಮನೋವಿಶ್ಲೇಷಣೆಯವರ ಮನೆಜಗಳವಾದ್ದರಿಂದ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಸ್ತ್ರೀವಾದಿ ಕಲಾ ಇತಿಹಾಸದ ಗಟ್ಟಿಯಾದ ಭಾಗ ಇರುವುದು ಬೇರೆಡೆ. ಹೆಂಗಸರಲ್ಲಿ ಮಹಾನ್ ಕಲಾವಿದರು ಏಕಿಲ್ಲ ಎಂಬ ಪ್ರಶ್ನೆಯನ್ನು 1971ರಲ್ಲಿ ಎತ್ತಿಕೊಂಡ ಅಮೆರಿಕದ ಕಲಾ ಇತಿಹಾಸಕಾರ್ತಿ ಲಿಂಡಾ ನಾಕ್ಲಿನ್, ಯಾರ ಮನಸ್ಸಿನೊಳಗೂ ಇಣುಕದೆ, ರೂಪದರ್ಶಿ ನಿಂತಿದ್ದ ಕೋಣೆಯೊಳಕ್ಕೆ ಯಾರನ್ನು ಬಿಡುತ್ತಿದ್ದರು, ಯಾರನ್ನು ಬಿಡುತ್ತಿರಲಿಲ್ಲ ಎಂದು ಕೇಳಿದರು. ಇದಕ್ಕೆ ಜೋಹಾನ್ ಜೋಫನಿ 1771-72ರಲ್ಲಿ ಬರೆದ ಲಂಡನ್ನಿನ ರಾಯಲ್ ಅಕಾಡೆಮಿ ಸದಸ್ಯರ ಗುಂಪುಚಿತ್ರಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ದೀಪದ ಬೆಳಕಿನಲ್ಲಿ ಸದಸ್ಯರು ನೆರೆದಿದ್ದಾರೆ. ಬಲಗಡೆ ನಗ್ನ ಪುರುಷ ರೂಪದರ್ಶಿಯೊಬ್ಬನಿಗೆ ಭಂಗಿ ಹೊಂದಿಸುತ್ತಿದ್ದಾರೆ. 1768ರಲ್ಲಿ ಅಕಾಡೆಮಿ ಸ್ಥಾಪನೆಯಾದಾಗ ಸದಸ್ಯರಾಗಿದ್ದವರಲ್ಲಿ ಆಂಜೆಲಿಕಾ ಕೌಫ್‌ಮನ್ ಮತ್ತು ಮೇರಿ ಮೋಸರ್ ಎಂಬ ಇಬ್ಬರು ಕಲಾವಿದೆಯರೂ ಇದ್ದರು. ಅವರನ್ನು ಬಿಡುವಂತೆಯೂ ಇಲ್ಲ, ನಗ್ನ ಗಂಡಸಿರುವ ಕೋಣೆಯಲ್ಲಿ ನಿಲ್ಲಿಸುವಂತೆಯೂ ಇಲ್ಲ. ಜೋಫನಿ ಅವರಿಬ್ಬರನ್ನು ಗೋಡೆಯ ಮೇಲೆ ತೂಗುಹಾಕಿದ ಎರಡು ಭಾವಚಿತ್ರಗಳನ್ನಾಗಿ ಮಾಡಿಬಿಟ್ಟ. ಅದೇ ಅಕಾಡೆಮಿ ತನ್ನ ವಿದ್ಯಾರ್ಥಿನಿಯರಿಗೆ ರೂಪದರ್ಶಿಯನ್ನು ನೋಡಿ ಚಿತ್ರಿಸುವ ತರಗತಿಯನ್ನು ತೆರೆದದ್ದು 1893ರಲ್ಲಿ, ಅದೂ ರೂಪದರ್ಶಿಯ ಸೊಂಟಕ್ಕೆ ಸಾಕಷ್ಟು ಬಟ್ಟೆ ಸುತ್ತಿಸಿದ ಮೇಲೆ. ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್ ಎಂಬ ಸರ್ಕಾರಿ ಕಲಾಶಾಲೆ 1897ರವರೆಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಲೇ ಇಲ್ಲ. ಇತಿಹಾಸಚಿತ್ರ, ಪುರಾಣಚಿತ್ರಗಳಿಗೆ ಅತ್ಯುನ್ನತ ಸ್ಥಾನವಿದ್ದ, ಅವುಗಳಿಗೆ ನಗ್ನದೇಹದ ಅಭ್ಯಾಸ ಅನಿವಾರ್ಯವಾಗಿದ್ದ ಕಾಲದಲ್ಲಿ ಈ ಒಂದು ಬಾಗಿಲು ಮುಚ್ಚಿದರೆ ವೃತ್ತಿಯ ದಾರಿಯೇ ಮುಚ್ಚಿದಂತೆ. ಇದನ್ನು ಅಲ್ಲಗಳೆಯುವ ವಾದವನ್ನು ನಾನು ಇದುವರೆಗೆ ಕಂಡಿಲ್ಲ. ತಮ್ಮ ಪತ್ರದಲ್ಲಿಯೂ ಇಲ್ಲ.

ಇನ್ನು ವೀನಸ್ ಪ್ರಸಂಗ. 1914ರ ಮಾರ್ಚ್ 10ರಂದು ಮತದಾನದ ಹಕ್ಕಿನ ಹೋರಾಟಗಾರ್ತಿ ಮೇರಿ ರಿಚರ್ಡ್‌ಸನ್ ಮಾಂಸ ಕಡಿಯುವ ಕತ್ತಿಯಿಂದ ಆ ಚಿತ್ರಕ್ಕೆ ಹಲವು ಏಟು ಹಾಕಿದರು, ಆರು ತಿಂಗಳ ಸೆರೆವಾಸದ ಶಿಕ್ಷೆಗೆ ಒಳಗಾದರು. ಹಿಂದಿನ ದಿನ ಗ್ಲಾಸ್ಗೊದಲ್ಲಿ ಆ ಹೋರಾಟದ ನಾಯಕಿ ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್ ಅವರ ಬಂಧನವಾಗಿತ್ತು. ಅಂದು ರಿಚರ್ಡ್‌ಸನ್ ಕೊಟ್ಟ ಹೇಳಿಕೆಯ ಸಾರಾಂಶವೆಂದರೆ, ಆಧುನಿಕ ಇತಿಹಾಸದಲ್ಲೇ ಅತ್ಯಂತ ಸುಂದರವಾದ ವ್ಯಕ್ತಿತ್ವವನ್ನು ಸರ್ಕಾರ ನಾಶಮಾಡುತ್ತಿದೆ, ಅದನ್ನು ಪ್ರತಿಭಟಿಸಿ ಪುರಾಣದ ಅತ್ಯಂತ ಸುಂದರ ಸ್ತ್ರೀಯ ಚಿತ್ರವನ್ನು ನಾಶಮಾಡಲು ಯತ್ನಿಸಿದೆ ಎಂಬುದು. ಆ ಚಿತ್ರ ಅಸಹ್ಯವೆಂದಾಗಲಿ ಗಂಡಸರಿಗಾಗಿ ಮಾಡಿದ್ದೆಂದಾಗಲಿ ಅದರ ಅರ್ಥವಲ್ಲ. ಅದು ಅಮೂಲ್ಯ ಎಂಬ ಕಾರಣಕ್ಕೇ ಅವರು ಅದನ್ನು ಆರಿಸಿಕೊಂಡರು. ನೋಡಲು ಬಂದ ಗಂಡಸರು ದಿನವಿಡೀ ಅದರ ಮುಂದೆ ಬಾಯಿ ತೆರೆದು ನಿಲ್ಲುತ್ತಿದ್ದುದು ತಮಗೆ ಹಿಡಿಸುತ್ತಿರಲಿಲ್ಲ ಎಂಬ ಮಾತನ್ನು ರಿಚರ್ಡ್‌ಸನ್ ಸೇರಿಸಿದ್ದು 1952ರ ಒಂದು ಸಂದರ್ಶನದಲ್ಲಿ, ಸುಮಾರು ನಲವತ್ತು ವರ್ಷಗಳ ಮೇಲೆ. ಆ ನಡುವೆ ಅವರು ಬ್ರಿಟನ್ನಿನ ಫ್ಯಾಸಿಸ್ಟ್ ಸಂಘಟನೆಯನ್ನೂ ಹೊಕ್ಕು ಬಂದಿದ್ದರು ಎಂಬುದು ಬೇರೆ ಮಾತು. 1952ರ ಮಾತನ್ನು 1914ರ ಕೈಗೆ ಕೊಟ್ಟು, 1975ರ ಸಿದ್ಧಾಂತವನ್ನು ಆ ಕತ್ತಿಗೆ ಕಟ್ಟುವುದನ್ನು ಸಿದ್ಧಾಂತದ ಅಭಿಮಾನಿಗಳೂ ಮಾಡಿದ್ದಾರೆ. ವಿರೋಧಿಯಾದ ತಾವೂ ಅದನ್ನೇ ಮಾಡಿದರೆ ಹೇಗೆ?

ಚಿತ್ರದ ಬಗ್ಗೆಯೇ ಹೇಳುವುದಾದರೆ, ಸಿದ್ಧಾಂತ ಇಲ್ಲಿ ಅರ್ಧ ಗೆಲ್ಲುತ್ತದೆ. ಈ ವೀನಸ್ 1651ರಲ್ಲಿ, ಮುಂದೆ ಕಾರ್ಪಿಯೊ ಮಾರ್ಕ್ವಿಸ್ ಆದ ಯುವ ಆಸ್ಥಾನಿಕ ಗಾಸ್ಪಾರ್ ದೆ ಆರೊನ ಸಂಗ್ರಹದಲ್ಲಿತ್ತು. ಹೆಂಗಸರ ಮೋಹಕ್ಕೂ ಚಿತ್ರಗಳ ಮೋಹಕ್ಕೂ ಹೆಸರಾದ ಶ್ರೀಮಂತ ಅವನು. ಚರ್ಚಿನ ಧರ್ಮವಿಚಾರಣೆಯ ಭಯವಿದ್ದ ಸ್ಪೇನಿನಲ್ಲಿ ಇಂಥ ಚಿತ್ರವನ್ನು ಖಾಸಗಿ ಕೋಣೆಗಳಲ್ಲಿ ಇಟ್ಟುಕೊಳ್ಳಬಲ್ಲವರು ಕೆಲವರೇ ಇದ್ದರು. ಆದ್ದರಿಂದ ಮೊದಲ ನೋಡುಗ ಯಾರು ಎಂಬ ಪ್ರಶ್ನೆಗೆ ಇಲ್ಲಿ ದಾಖಲೆಯ ಆಧಾರವಿರುವ ಉತ್ತರವಿದೆ, ಅದು ಬರ್ಜರ್ ಅವರ ಪರವಾಗಿಯೇ ಇದೆ. ಆದರೆ ಕನ್ನಡಿಯನ್ನು ನೋಡಿ. ವೀನಸ್ ನಮಗೆ ಬೆನ್ನು ಮಾಡಿ ಮಲಗಿದ್ದಾಳೆ. ಕ್ಯುಪಿಡ್ ಹಿಡಿದ ಕನ್ನಡಿಯಲ್ಲಿ ಅವಳ ಮುಖ ಕಾಣುತ್ತದೆ. ಅವಳು ತನ್ನನ್ನೇ ನೋಡಿಕೊಳ್ಳುತ್ತಿದ್ದಾಳೆಂದು ಎಲ್ಲರೂ ಭಾವಿಸುತ್ತಾರೆ, ಆದರೆ ಬೆಳಕಿನ ನಿಯಮದ ಪ್ರಕಾರ ಕನ್ನಡಿಯಲ್ಲಿ ಅವಳ ಮುಖ ನಮಗೆ ಕಂಡರೆ ಅವಳಿಗೆ ಕಾಣುವುದು ನಮ್ಮ ಮುಖ. ಬೆನ್ನಿನ ಚರ್ಮವನ್ನು ಅಷ್ಟು ನಯವಾಗಿ ತೀಡಿದ ಕುಂಚ ಮುಖಕ್ಕೆ ಬಂದಾಗ ಬೇಕೆಂದೇ ಮಸುಕು ಮಾಡಿದೆ: ಕಣ್ಣು ಮೂಗುಗಳಿವೆ, ಆದರೆ ಗುರುತು ಹಿಡಿಯಲಾಗದು. ಕದ್ದು ನೋಡುವವನಿಗೆ ಬೇಕಾದ ಎರಡು ಅನುಕೂಲಗಳಲ್ಲಿ, ಅಂದರೆ ತಾನು ಕಾಣಿಸಿಕೊಳ್ಳದಿರುವುದು ಮತ್ತು ಅವಳು ಪೂರ್ತಿ ಕಾಣುವುದರಲ್ಲಿ, ವೆಲಾಸ್ಕೆಸ್ ಅವನಿಗೆ ಒಂದನ್ನೂ ಸರಿಯಾಗಿ ಕೊಟ್ಟಿಲ್ಲ. ಚಿತ್ರವನ್ನು ಕೊಂಡವನ ಆಸೆ ಒಂದಿರಬಹುದು, ಚಿತ್ರ ಮಾಡುವ ಕೆಲಸ ಇನ್ನೊಂದಿರಬಹುದು. ಮೊದಲನೆಯದನ್ನು ತಿಳಿದ ಮಾತ್ರಕ್ಕೆ ಎರಡನೆಯದು ತಿಳಿದಂತಾಗುವುದಿಲ್ಲ.

ನಗ್ನ ಸ್ತ್ರೀಯರನ್ನು ಚಿತ್ರಿಸಿದ ಕಲಾವಿದೆಯರ ವಿಚಾರದಲ್ಲಿ ತಾವು ಹದಿನೇಳನೆಯ ಶತಮಾನದ ಇಟಲಿಯ ಆರ್ಟೆಮಿಸಿಯಾ ಜೆಂಟಿಲೆಸ್ಕಿಯ ಹೆಸರೆತ್ತಿದ್ದೀರಿ. ಇಬ್ಬರು ಮುದುಕರು ಸ್ನಾನಕ್ಕಿಳಿದ ಸುಸಾನಳನ್ನು ಕದ್ದು ನೋಡಿ, ತಮ್ಮ ಮಾತಿಗೆ ಒಪ್ಪದಿದ್ದರೆ ಹಾದರದ ಆರೋಪ ಹೊರಿಸುತ್ತೇವೆಂದು ಬೆದರಿಸುವ ಬೈಬಲ್ ಕತೆಯನ್ನು ಟಿಂಟೊರೆಟ್ಟೊ ಸಹ ಚಿತ್ರಿಸಿದ್ದಾನೆ. ವಿಯೆನ್ನಾದಲ್ಲಿರುವ ಅವನ ಚಿತ್ರದಲ್ಲಿ ಸುಸಾನ ಕನ್ನಡಿಯಲ್ಲಿ ಮೈಮರೆತಿದ್ದಾಳೆ, ಹಸಿರುಬೇಲಿಯ ತುದಿಯಿಂದ ಬೋಳುತಲೆಯೊಂದು ನೆಲಮಟ್ಟದಲ್ಲಿ ಇಣುಕುತ್ತದೆ, ನಾವೂ ಮುದುಕರ ಜತೆಗೂಡಿ ನೋಡುತ್ತೇವೆ. ಆರ್ಟೆಮಿಸಿಯಾ 1610ರಲ್ಲಿ, ಹದಿನೇಳರ ಆಸುಪಾಸಿನಲ್ಲಿ ಮಾಡಿದ ಚಿತ್ರದಲ್ಲಿ ತೋಟವಿಲ್ಲ, ಕನ್ನಡಿಯಿಲ್ಲ. ಬರಿಯ ಕಲ್ಲಿನ ಪೀಠ. ಅದರ ಹಿಂದಿನ ಗೋಡೆಯ ಮೇಲಿಂದ ಇಬ್ಬರೂ ಬಾಗಿ ಅವಳ ತಲೆಯ ಮೇಲೆ ಬಿದ್ದಂತಿದ್ದಾರೆ, ಒಬ್ಬ ತುಟಿಗೆ ಬೆರಳಿಟ್ಟು ಸುಮ್ಮನಿರೆಂದು ಸೂಚಿಸುತ್ತಾನೆ, ಅವಳು ಎರಡೂ ಕೈಗಳನ್ನೆತ್ತಿ ಸೊಂಟ ತಿರುಚಿ ಮುಖ ಹೊರಳಿಸಿದ್ದಾಳೆ. ಕಲಾ ಇತಿಹಾಸಕಾರ್ತಿ ಮೇರಿ ಗ್ಯಾರಾರ್ಡ್ 1989ರಲ್ಲಿ ಈ ಚಿತ್ರವನ್ನು ಹೆಣ್ಣಿನ ಅನುಭವದಿಂದ ಓದಿದಾಗ ಅನೇಕರಿಗೆ ಕಣ್ಣು ತೆರೆದಂತಾಯಿತು. ನನಗೂ ಆ ಓದು ಒಪ್ಪಿಗೆ. ಆದರೆ ಅಲ್ಲಿಂದ ಮುಂದೆ ಸುಲಭದ ದಾರಿಯೊಂದು ಸಿಕ್ಕಿತು. ಅಗೊಸ್ಟಿನೊ ಟಾಸ್ಸಿ ಎಂಬ ಚಿತ್ರಕಾರ ಆರ್ಟೆಮಿಸಿಯಾಳ ಮೇಲೆ ಅತ್ಯಾಚಾರ ಮಾಡಿದ ಸಂಗತಿಯನ್ನೂ 1612ರ ವಿಚಾರಣೆಯನ್ನೂ ತಂದು, ಅವಳ ಎಲ್ಲ ಚಿತ್ರಗಳೂ ಅದರ ಪ್ರತಿಧ್ವನಿ ಎಂದು ಹೇಳತೊಡಗಿದರು. ಅತ್ಯಾಚಾರ ನಡೆದದ್ದು 1611ರಲ್ಲಿ, ಸುಸಾನ ಮುಗಿದದ್ದು ಅದಕ್ಕೆ ಮೊದಲು. ಈ ಜೀವನಚರಿತ್ರೆಯ ಓದನ್ನು ಬಲವಾಗಿ ಪ್ರಶ್ನಿಸಿದವರಲ್ಲಿ ಗ್ರಿಸೆಲ್ಡಾ ಪೊಲಾಕ್ ಪ್ರಮುಖರು, ಅವರೂ ಸ್ತ್ರೀವಾದಿಯೇ. ಈ ಚಿತ್ರದ ಎಕ್ಸ್‌ರೇ ತೆಗೆದಾಗ ಕೆಳಗೆ ಚಾಕು ಹಿಡಿದು ಚೀರುವ ಸುಸಾನ ಕಂಡಳು ಎಂದು ಮೊಬೈಲಿನಲ್ಲಿ ಹರಿದಾಡುವ ಚಿತ್ರವೊಂದಿದೆ. ತಮ್ಮ ವಿದ್ಯಾರ್ಥಿಗಳೂ ಅದನ್ನು ನೋಡಿರಬಹುದು. ಅದು ಕ್ಯಾಥ್ಲೀನ್ ಗಿಲ್ಜೆ ಎಂಬ ಸಮಕಾಲೀನ ಕಲಾವಿದೆ 1998ರಲ್ಲಿ ರಚಿಸಿದ ಸ್ವತಂತ್ರ ಕಲಾಕೃತಿ. ಮೂಲಚಿತ್ರದ ಅಡಿಯಲ್ಲಿ ಅಂಥದ್ದೇನೂ ಇಲ್ಲ.

ಅದೇ ಆರ್ಟೆಮಿಸಿಯಾ ದನಾಯೆಯನ್ನೂ ಮಲಗಿದ ವೀನಸ್ಸನ್ನೂ ಚಿತ್ರಿಸಿದ್ದಾಳೆ. ರಿಚ್ಮಂಡ್‌ನ ಮ್ಯೂಸಿಯಂನಲ್ಲಿರುವ ಆ ವೀನಸ್ ನೀಲಿ ಹಾಸಿನ ಮೇಲೆ ಕಣ್ಣು ಮುಚ್ಚಿ ಮಲಗಿದ್ದಾಳೆ, ನೋಡುವವನಿಗೆ ಯಾವ ಅಡ್ಡಿಯೂ ಇಲ್ಲ. ಸಹಿ ಮುಚ್ಚಿ ತೋರಿಸಿದರೆ ಇದು ಗಂಡುನೋಟದ ಮಾದರಿ ಉದಾಹರಣೆ ಎಂದು ಯಾರಾದರೂ ಬರೆದುಕೊಟ್ಟಾರು. ಅವಳು ಗಿರಾಕಿಗಳಿಗಾಗಿ ಕೆಲಸ ಮಾಡುತ್ತಿದ್ದ ವೃತ್ತಿಪರ ಕಲಾವಿದೆ. ನಗ್ನ ಸ್ತ್ರೀಯರ ಚಿತ್ರಗಳಿಗೆ ಬೇಡಿಕೆಯಿತ್ತು, ರೂಪದರ್ಶಿಗಳನ್ನು ಗಂಡಸರಿಗಿಂತ ಸಲೀಸಾಗಿ ಕೂರಿಸಿಕೊಳ್ಳುವ ಅನುಕೂಲ ಅವಳಿಗಿತ್ತು, ಅದಕ್ಕೆ ತಗಲುವ ಖರ್ಚಿನ ಬಗ್ಗೆ ಸಿಸಿಲಿಯ ಗಿರಾಕಿ ಆಂಟೊನಿಯೊ ರುಫೊಗೆ ಬರೆದ ಪತ್ರಗಳಲ್ಲಿ ಗೊಣಗಿಕೊಂಡಿದ್ದಾಳೆ. ಕುಂಚ ಹಿಡಿದವರ ಲಿಂಗ ನೋಟದ ಲಿಂಗವನ್ನು ತೀರ್ಮಾನಿಸುವುದಿಲ್ಲ ಎಂಬ ತಮ್ಮ ಆಕ್ಷೇಪ ಇಲ್ಲಿ ಸಂಪೂರ್ಣ ಸರಿ. ಆದರೆ ಹೀಗೆ ಹೇಳುವಾಗ ನಾವು ಬಳಸಿದ್ದು ಗಿರಾಕಿ, ಬೇಡಿಕೆ, ಖರ್ಚುಗಳ ಲೆಕ್ಕವನ್ನೇ ಹೊರತು 'ಶುದ್ಧ ಸೌಂದರ್ಯ' ಎಂಬ ತಮ್ಮ ಪತ್ರದ ಮಾತನ್ನಲ್ಲ.

ಗಂಡಸಿನ ನಗ್ನದೇಹದ ವಿಚಾರದಲ್ಲಿಯೂ ತಮ್ಮ ಪ್ರಶ್ನೆ ನ್ಯಾಯವಾದುದು. ಅಕಾಡೆಮಿಗಳಲ್ಲಿ ಬಹುಕಾಲ ಅಭ್ಯಾಸಕ್ಕೆ ನಿಲ್ಲುತ್ತಿದ್ದವರು ಗಂಡಸರೇ. ನಗ್ನಚಿತ್ರವೆಂದರೆ ಹೆಣ್ಣು ಎಂಬ ಸಮೀಕರಣ ಬಲಗೊಂಡದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಫ್ರೆಂಚ್ ಚಿತ್ರಕಾರ ಜಿರೋಡೆ 1791ರಲ್ಲಿ ರೋಮಿನಲ್ಲಿ ಬರೆದ, ಈಗ ಲೂವ್ರ್‌ನಲ್ಲಿರುವ ಎಂಡಿಮಿಯನ್ ಚಿತ್ರದಲ್ಲಿ ನೋಟಕ್ಕೆ ಮೈಯೊಡ್ಡಿ ಮಲಗಿರುವವನು ತರುಣ. ಅವನನ್ನು ನೋಡುತ್ತಿರುವವಳು ಚಂದ್ರದೇವತೆ ಡಯಾನಾ, ಅವಳಿಗೆ ಚಿತ್ರದಲ್ಲಿ ದೇಹವೇ ಇಲ್ಲ, ಎಲೆಗಳ ಸಂದಿನಿಂದ ಅವನ ಎದೆಯ ಮೇಲೆ ಬೀಳುವ ಬೆಳಕೇ ಅವಳು. ನೋಟ ಹೆಣ್ಣಿನದು, ಚಿತ್ರ ಬರೆದವನು ಗಂಡು, ಚಿತ್ರದ ಮುಂದೆ ನಿಂತು ಮೆಚ್ಚಿದವರಲ್ಲಿ ಗಂಡಸರೂ ಇದ್ದರು. ಒಂದೇ ಸೂತ್ರ ಇದನ್ನು ಹಿಡಿಯಲಾರದು. ಈ ಕಾಲದ ಫ್ರೆಂಚ್ ಕಲೆಯ ಗಂಡುದೇಹಗಳನ್ನು ಕುರಿತು 1997ರಲ್ಲಿ ಇಡೀ ಪುಸ್ತಕವನ್ನೇ ಬರೆದ ಅಬಿಗೇಲ್ ಸಾಲೊಮನ್-ಗೊಡೊ ಕೂಡ ಸ್ತ್ರೀವಾದಿ ವಿಮರ್ಶಕಿ ಎಂಬುದನ್ನು ಗಮನಿಸಬೇಕು.

ಸೂತ್ರಕ್ಕೆ ಹೆಚ್ಚು ಕಷ್ಟ ಕೊಡುವ ಚಿತ್ರ ಮಾನೆಯ ಒಲಿಂಪಿಯಾ; ಅದರಲ್ಲಿ ಹಾಸಿಗೆಯ ಮೇಲೆ ನಗ್ನಳಾಗಿ ಒರಗಿದ ಹೆಣ್ಣು ನೇರವಾಗಿ ನಮ್ಮತ್ತ ನೋಡುತ್ತಾಳೆ. ನಗ್ನಚಿತ್ರವು ಗಂಡು ನೋಡುಗನಿಗೆ ಒಡೆತನದ ಸುಖ ಕೊಡುತ್ತದೆಂಬುದು ಸಿದ್ಧಾಂತದ ಮಾತು. 1865ರಲ್ಲಿ ಪ್ಯಾರಿಸ್ಸಿನ ಸಲೋನ್ ಎಂಬ ಅಧಿಕೃತ ಕಲಾಪ್ರದರ್ಶನದಲ್ಲಿ ಅದನ್ನು ನೋಡಿದ ಗಂಡಸರು ಬರೆದದ್ದು ಉಳಿದಿದೆ; ಅವರಿಗೆ ಸುಖವಾಗಲಿಲ್ಲ, ಸಿಟ್ಟು ಬಂತು. ಹೆಣದ ಬಣ್ಣ ಎಂದರು, ಕೊಳಕು ಎಂದರು. ಗಲಾಟೆ ಹೆಚ್ಚಾಗಿ ಚಿತ್ರವನ್ನು ಯಾರ ಕೈಗೂ ಎಟುಕದಷ್ಟು ಎತ್ತರಕ್ಕೆ ಏರಿಸಬೇಕಾಯಿತು. ಅದಕ್ಕೆ ರೂಪದರ್ಶಿಯಾಗಿದ್ದ ವಿಕ್ಟೋರಿನ್ ಮ್ಯೂರಾಂ ತಾನೂ ಚಿತ್ರಕಾರ್ತಿ. ಮಾನೆಯ ಚಿತ್ರಗಳು ತಿರಸ್ಕೃತವಾದ 1876ರ ಸಲೋನ್‌ನಲ್ಲಿ ಅವಳ ಚಿತ್ರ ಆಯ್ಕೆಯಾಗಿತ್ತು. ಇಷ್ಟನ್ನು ಅನೇಕರು ಬರೆದಿದ್ದಾರೆ. ಆದರೆ ಹಾಸಿಗೆಯ ಪಕ್ಕದಲ್ಲಿ ಹೂಗುಚ್ಛ ಹಿಡಿದು ನಿಂತ ಕಪ್ಪು ಹೆಣ್ಣನ್ನು, ಲೋರ್ ಎಂಬ ಹೆಸರಿನ ರೂಪದರ್ಶಿಯನ್ನು, ಗಂಡುನೋಟದ ಬಗ್ಗೆ ಬರೆದವರೂ ಬಹುಕಾಲ ನೋಡಲೇ ಇಲ್ಲ. ಒಲಿಂಪಿಯಾ ನಮ್ಮನ್ನು ನೋಡುತ್ತಾಳೆ, ಲೋರ್ ಒಲಿಂಪಿಯಾಳತ್ತ ಕಣ್ಣು ಹೊರಳಿಸಿದ್ದಾಳೆ. ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸನ್ನು ನೋಡುವ ಈ ನೋಟಕ್ಕೆ, ಕೆಲಸದವಳು ಯಜಮಾನಿಯನ್ನು ನೋಡುವ ಈ ನೋಟಕ್ಕೆ, ಸಿದ್ಧಾಂತದಲ್ಲಿ ಹೆಸರಿರಲಿಲ್ಲ. 1992ರಲ್ಲಿ ಕಲಾವಿದೆ ಲೊರೇನ್ ಓಗ್ರೇಡಿ ಲೋರ್‌ಳನ್ನು ಮುಂದಿಟ್ಟುಕೊಂಡು ಬರೆದರು. ಅದೇ ವರ್ಷ ಅಮೆರಿಕದ ಕಪ್ಪು ಸ್ತ್ರೀವಾದಿ ಲೇಖಕಿ ಬೆಲ್ ಹುಕ್ಸ್, ಗುಲಾಮರಾಗಿದ್ದವರಿಗೆ ಬಿಳಿಯರತ್ತ ಕಣ್ಣೆತ್ತಿ ನೋಡಿದ್ದಕ್ಕೇ ಶಿಕ್ಷೆಯಾಗುತ್ತಿತ್ತು, ಅಂಥ ಚರಿತ್ರೆಯಿರುವವರಿಗೆ ನೋಡುವುದೆಂದರೆ ಬೇರೆಯೇ ಅರ್ಥ, ಸ್ತ್ರೀವಾದಿ ಸಿನಿಮಾ ಸಿದ್ಧಾಂತ 'ಹೆಣ್ಣು' ಎಂದಾಗ ಬಿಳಿಯ ಹೆಣ್ಣನ್ನಷ್ಟೇ ಎಣಿಸಿತು ಎಂದು ಟೀಕಿಸಿದರು. ನನ್ನ ಮಟ್ಟಿಗೆ ಇದೇ ಈ ಸಿದ್ಧಾಂತಕ್ಕೆ ಬಿದ್ದ ಅತಿ ದೊಡ್ಡ ಏಟು.

ಬೇಲೂರಿನ ವಿಷಯದಲ್ಲಿ ತಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಗಂಡಸು ತಾನು ನೋಡುವ ಸುಖಕ್ಕಾಗಿ ನಗ್ನ ಹೆಣ್ಣನ್ನು ಚಿತ್ರಿಸಿ, ಅವಳ ಕೈಗೆ ಕನ್ನಡಿ ಕೊಟ್ಟು, ಅಹಂಕಾರದ ಆರೋಪವನ್ನು ಅವಳ ಮೇಲೆಯೇ ಹೊರಿಸಿದ ಎಂಬುದು ಬರ್ಜರ್ ಅವರ ಹರಿತವಾದ ಮಾತು. ಅದು ಕನ್ನಡಿಯನ್ನು ಪಾಪದ ಸಂಕೇತವಾಗಿ ಕಂಡ ಕ್ರೈಸ್ತ ಯುರೋಪಿಗೆ ಸಲ್ಲುತ್ತದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿಯ ಸೂರಿನ ಕೆಳಗೆ ಓರೆಯಾಗಿ ನಿಂತಿರುವ, ಕತ್ತೆತ್ತಿ ನೋಡಿದರಷ್ಟೇ ಕಾಣುವ, ಬಿಲ್ಲು ಹಿಡಿದ ಬೇಟೆಗಾರ್ತಿ ಮತ್ತು ವಾದ್ಯ ನುಡಿಸುವವರ ಸಾಲಿನಲ್ಲೇ ಇರುವ ಮದನಿಕೆಗೆ ಆ ಆರೋಪವೇ ಇಲ್ಲ. ಭಾರತೀಯ ಶಿಲ್ಪದ ಸ್ತ್ರೀರೂಪಗಳು ಮಂಗಳಕರವೆಂದು ಭಾವಿಸಲ್ಪಟ್ಟವು, ಅವುಗಳ ಮುಂದೆ ಸ್ತ್ರೀಯರೂ ಭಕ್ತರಾಗಿ, ದಾನಿಗಳಾಗಿ ನಿಂತಿದ್ದರು, ಆದ್ದರಿಂದ ಗಂಡುನೋಟದ ಸಿದ್ಧಾಂತವನ್ನು ಇಲ್ಲಿಗೆ ಹಾಗೆಯೇ ತರಲಾಗದು ಎಂದು ಕಲಾ ಇತಿಹಾಸಕಾರ್ತಿ ವಿದ್ಯಾ ದೆಹೇಜಿಯಾ 1997ರಲ್ಲೇ ಎಚ್ಚರಿಸಿದ್ದರು. ಬೇಲೂರಿನ ಆವರಣದಲ್ಲಿಯೇ ಕಪ್ಪೆಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ಶಾಂತಲೆ. ಆದರೆ ಮಂಗಳಕರ ಎಂಬ ಮಾತಿನಿಂದ ಎಲ್ಲ ಪ್ರಶ್ನೆಗಳ ಬಾಯಿ ಮುಚ್ಚಿಸಲು ನಾನು ಸಿದ್ಧನಿಲ್ಲ. ಮದನಿಕೆಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜನ, ಅವನ ಮಗ ಚಾವಣನ ಹೆಸರುಗಳಿವೆ; ಆ ಭಂಗಿಗಳಿಗೆ ಆಧಾರವಾಗಿರಬಹುದಾದ ನರ್ತಕಿಯರ ಹೆಸರೊಂದೂ ಇಲ್ಲ. ದರ್ಪಣಸುಂದರಿ ಶಾಂತಲೆಯ ಪ್ರತಿರೂಪ ಎಂಬ ಮಾರ್ಗದರ್ಶಿಗಳ ಕತೆಗೆ ಶಾಸನದ ಆಧಾರವಿಲ್ಲ. ತಮ್ಮ ವಿದ್ಯಾರ್ಥಿಗಳು ಈ ಹೆಸರುಗಳಿಂದ ಹೊರಟರೆ ಮಲ್ವಿ ಅವರ ಪ್ರಬಂಧದಿಂದ ಹೊರಟುದಕ್ಕಿಂತ ಹೆಚ್ಚು ದೂರ ಹೋದಾರು.

ಪಾಠವನ್ನು ಕೈಬಿಡಬೇಡಿ ಎಂದೇ ನನ್ನ ಸಲಹೆ. ಅದರ ಕ್ರಮವನ್ನು ಬದಲಾಯಿಸಿ. ಮೊದಲ ದಿನ ಮಲ್ವಿ ಬೇಡ. ಜೋಫನಿಯ ಗುಂಪುಚಿತ್ರವನ್ನು ತೋರಿಸಿ, ಹೆಂಗಸರು ಎಲ್ಲಿದ್ದಾರೆ ಹುಡುಕಿ ಎಂದು ಹೇಳಿ. ಆಮೇಲೆ ಅಮೆರಿಕದ ಚಿತ್ರಕಾರ್ತಿ ಮೇರಿ ಕಸಾಟ್ 1878ರಲ್ಲಿ ಮಾಡಿದ, ಬಾಸ್ಟನ್ನಿನಲ್ಲಿರುವ ರಂಗಮಂದಿರದ ಚಿತ್ರವನ್ನು ತೋರಿಸಿ: ಕಪ್ಪು ಉಡುಪಿನ ಹೆಂಗಸು ಮುಚ್ಚಿದ ಬೀಸಣಿಗೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ದುರ್ಬೀನನ್ನು ಕಣ್ಣಿಗಿಟ್ಟು ತನಗೆ ಬೇಕಾದ್ದನ್ನು ನೋಡುತ್ತಿದ್ದಾಳೆ, ದೂರದ ಮೊಗಸಾಲೆಯಲ್ಲಿ ನಾಲ್ಕಾರು ಕುಂಚದ ಗೀರುಗಳಲ್ಲಿ ಮೂಡಿದ ಗಂಡಸೊಬ್ಬ ಕಟಕಟೆಯಿಂದ ಮುಂದಕ್ಕೆ ಬಾಗಿ ತನ್ನ ದುರ್ಬೀನನ್ನು ಅವಳತ್ತ ತಿರುಗಿಸಿದ್ದಾನೆ. ಅವಳಿಗೆ ಅವನ ಪರಿವೆಯೇ ಇಲ್ಲ. ಬರ್ಜರ್ ಹೇಳಿದ್ದು ಇಲ್ಲಿ ಸರಿಯೂ ಹೌದು, ಸಾಲದೂ ಹೌದು. ವಿದ್ಯಾರ್ಥಿಗಳು ಇದರ ಬಗ್ಗೆ ಜಗಳವಾಡಿದ ಮೇಲೆ ಮಲ್ವಿ, ಆಮೇಲೆ ಹುಕ್ಸ್ ಬರಲಿ.

ತಮ್ಮ ಪತ್ರವನ್ನು ಮುಂದಿನ ಸಂಚಿಕೆಯಲ್ಲಿ ಒಂದಕ್ಷರವನ್ನೂ ಕತ್ತರಿಸದೆ ಪ್ರಕಟಿಸುತ್ತೇವೆ. ಮೂಲ ಲೇಖಕಿಗೆ ಅದರ ಪ್ರತಿಯನ್ನು ಕಳುಹಿಸಲಾಗಿದೆ. ಅವರು ಉತ್ತರಿಸಿದರೆ ಅದಕ್ಕೂ ಜಾಗ ಮೀಸಲಿದೆ. ಒಲಿಂಪಿಯಾ ಚಿತ್ರದ ಬಗ್ಗೆ ತಮ್ಮ ಪತ್ರದಲ್ಲಿ ಒಂದೇ ಸಾಲು ಇದೆ, ಅದರಲ್ಲಿ ಲೋರ್ ಇಲ್ಲ; ಪ್ರಕಟಣೆಗೆ ಮುನ್ನ ಆ ಭಾಗವನ್ನು ವಿಸ್ತರಿಸಿ ಕಳುಹಿಸುವುದಾದರೆ ಈ ತಿಂಗಳ ಕೊನೆಯವರೆಗೆ ಕಾಯುತ್ತೇವೆ.

– ಸಂಪಾದಕ